ಹೊಸ ದೇಶಕ್ಕೆ ಬಂದಿಳಿದವರು: ಪದೇ ಪದೇ ಕೇಳುವ ಪ್ರಶ್ನೆಗಳು

ವಲಸೆಯ ಮಾತು ಎಲ್ಲಿ ತೆಗೆದರೂ ಸುತ್ತಿ ಬಳಸಿ ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ಹೊರಟು ನಿಂತವರದು, ಕೆಲವು ಹೋಗಿ ಸೇರಿದವರದು, ಇನ್ನು ಕೆಲವು ಬಂದವರನ್ನು ಕಂಡು ಹುಬ್ಬು ಗಂಟಿಕ್ಕಿದವರದು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಜಟಿಲವಾದದ್ದು ಆಮೇಲೆ.

## ಮೊದಲ ತಿಳಿವಳಿಕೆ

ವಲಸಿಗ, ನಿರಾಶ್ರಿತ, ಆಶ್ರಯ ಕೇಳಿ ಬಂದವ... ಎಲ್ಲಾ ಒಂದೇ ಅಲ್ವಾ? ಪೇಪರ್‌ನವರು ಬೇರೆ ಬೇರೆ ಬರೀತಾರೆ ಅಷ್ಟೆ.

ಒಂದೇ ಅಲ್ಲ. ದುಡಿಮೆ, ಓದು, ಮದುವೆ, ಯಾವ ಕಾರಣಕ್ಕಾದರೂ ಸರಿ, ದೇಶ ಬದಲಿಸಿ ನೆಲೆಸಿದವರೆಲ್ಲ ವಲಸಿಗರು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಹಿಂಸೆ ಅನುಭವಿಸಬೇಕಾದೀತೆಂಬ, ಆಧಾರವಿರುವ ಭಯದಿಂದ ದೇಶ ಬಿಟ್ಟವರು ನಿರಾಶ್ರಿತರು. ಈ ವ್ಯಾಖ್ಯೆ 1951ರ ನಿರಾಶ್ರಿತರ ಒಪ್ಪಂದದ್ದು. ಆಗ ಅದು 1951ಕ್ಕಿಂತ ಮುಂಚಿನ ಘಟನೆಗಳಿಗಷ್ಟೇ ಅನ್ವಯಿಸುತ್ತಿತ್ತು. 1967ರ ಪೂರಕ ಒಪ್ಪಂದ ಆ ಮಿತಿಯನ್ನು ತೆಗೆದುಹಾಕಿತು. ನಿರಾಶ್ರಿತನೆಂದು ಗುರುತಿಸಿ ಎಂದು ಅರ್ಜಿ ಹಾಕಿ ತೀರ್ಪಿಗೆ ಕಾಯುತ್ತಿರುವವರು ಆಶ್ರಯ ಕೋರಿದವರು.

ವ್ಯಾಖ್ಯೆಯ ಪಟ್ಟಿಯಲ್ಲಿ ಹಸಿವಿಲ್ಲ, ಬರಗಾಲವಿಲ್ಲ ಎಂಬುದನ್ನು ಗಮನಿಸಿ. ಬೆಳೆ ಒಣಗಿ ಊರು ಬಿಟ್ಟವನ ಸಂಕಟ ಎಷ್ಟೇ ದೊಡ್ಡದಿದ್ದರೂ ಆ ಒಪ್ಪಂದದ ಕಣ್ಣಿಗೆ ಅವನು ನಿರಾಶ್ರಿತನಲ್ಲ.

ಜಗತ್ತಿನ ಅರ್ಧ ಜನ ದೇಶ ಬಿಟ್ಟು ಹೋಗ್ತಿದಾರೆ ಅನ್ಸುತ್ತೆ. ನಿಜವಾಗ್ಲೂ ಎಷ್ಟು ಜನ?

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹುಟ್ಟಿದ ದೇಶದಾಚೆ ಬದುಕುತ್ತಿದ್ದವರು ಸುಮಾರು 30.4 ಕೋಟಿ. ಜಗತ್ತಿನ ಜನಸಂಖ್ಯೆಯಲ್ಲಿ ಇದು ಶೇ. 3.7. ನೂರರಲ್ಲಿ ತೊಂಬತ್ತಾರು ಜನ ಹುಟ್ಟಿದ ದೇಶದಲ್ಲೇ ಇದ್ದಾರೆ.

ನಿರಾಶ್ರಿತರೆಲ್ಲ ಶ್ರೀಮಂತ ದೇಶಗಳಿಗೇ ನುಗ್ಗುತ್ತಾರೆ ಎಂಬುದೂ ನಿಜವಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ 2023ರ ಕೊನೆಯ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಪಾಲು ಜನ ಇದ್ದದ್ದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಮನೆಗೆ ಬೆಂಕಿ ಬಿದ್ದವನು ಮೊದಲು ಓಡುವುದು ಪಕ್ಕದ ಮನೆಗೆ ತಾನೆ?

## ಬಾಗಿಲಲ್ಲಿ

ವೀಸಾ ಕೈಯಲ್ಲಿದ್ರೂ ಏರ್‌ಪೋರ್ಟಲ್ಲಿ ನಿಲ್ಲಿಸಿ ಅಷ್ಟೊಂದು ಪ್ರಶ್ನೆ ಕೇಳ್ತಾರಲ್ಲ, ಯಾಕೆ? ಕಳ್ಳರ ಥರ ನೋಡಿದ್ರು.

ಬಹುತೇಕ ದೇಶಗಳಲ್ಲಿ ವೀಸಾ ಎಂದರೆ ಬಾಗಿಲವರೆಗೆ ಬರಲು ಅನುಮತಿ. ಒಳಗೆ ಬಿಡುವ ತೀರ್ಮಾನ ಗಡಿಯಲ್ಲಿ ಕುಳಿತ ಅಧಿಕಾರಿಯದು. ಏಕೆ ಬಂದಿರಿ, ಎಲ್ಲಿ ಇಳಿದುಕೊಳ್ಳುತ್ತೀರಿ, ಖರ್ಚು ಯಾರದು ಎಂದು ಕೇಳಿ, ನೀವು ಹೇಳುವುದೂ ಅರ್ಜಿಯಲ್ಲಿ ಬರೆದದ್ದೂ ತಾಳೆಯಾಗುತ್ತದೆಯೇ ಎಂದು ಅವರು ನೋಡುತ್ತಾರೆ. ಕೇಳಿದ್ದಕ್ಕಷ್ಟೇ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಭಾಷೆ ಅರ್ಥವಾಗದಿದ್ದರೆ ತಲೆಯಾಡಿಸಬೇಡಿ, ದುಭಾಷಿ ಬೇಕೆನ್ನಿ. ಅರ್ಥವಾಗದೆ ಹೇಳಿದ 'ಹೂಂ' ಕೂಡ ದಾಖಲಾಗುತ್ತದೆ.

ಈ ವಿಚಾರಣೆ ಹಳೆಯದು. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ 1892ರಿಂದ 1954ರವರೆಗೆ 1.2 ಕೋಟಿಗೂ ಹೆಚ್ಚು ಜನ ಇಂಥ ಸಾಲಿನಲ್ಲಿ ನಿಂತಿದ್ದರು. ಮೆಟ್ಟಿಲು ಹತ್ತುವವರನ್ನು ವೈದ್ಯರು ಮೇಲಿನಿಂದ ಗಮನಿಸುತ್ತಿದ್ದರು. ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ: ಹೃದಯದ ತೊಂದರೆಗೆ ಒಂದು, ಕುಂಟುವವರಿಗೆ ಒಂದು, ಕಣ್ಣಿನ ಬೇನೆಗೆ ಒಂದು. ಅಂತಿಮವಾಗಿ ವಾಪಸ್ ಕಳಿಸಲ್ಪಟ್ಟವರು ನೂರಕ್ಕೆ ಇಬ್ಬರು ಮಾತ್ರ. ಆದರೆ ಈ ಸಾಲು ಎಲ್ಲರಿಗೂ ಇರಲಿಲ್ಲ. ಮೊದಲ ಮತ್ತು ಎರಡನೇ ದರ್ಜೆಯ ಪ್ರಯಾಣಿಕರನ್ನು ಹಡಗಿನಲ್ಲೇ ಪರೀಕ್ಷಿಸಿ ನೇರ ನಗರಕ್ಕೆ ಬಿಡುತ್ತಿದ್ದರು. ದ್ವೀಪಕ್ಕೆ ಹೋಗಬೇಕಾದವರು ಹಡಗಿನ ತಳದಲ್ಲಿ ಬಂದ ಬಡವರು. ರೋಗಕ್ಕೆ ಟಿಕೆಟ್ಟಿನ ದರ್ಜೆ ಗೊತ್ತಿತ್ತೇನೋ!

ಅಲ್ಲಿನ ಗುಮಾಸ್ತರು ವಲಸಿಗರ ಹೆಸರು ಮನಸ್ಸಿಗೆ ಬಂದ ಹಾಗೆ ಬದಲಾಯಿಸ್ತಿದ್ರಂತೆ?

ಕಟ್ಟುಕತೆ. ಎಲ್ಲಿಸ್ ದ್ವೀಪದವರು ಹೊಸದಾಗಿ ಹೆಸರು ಬರೆದುಕೊಳ್ಳುತ್ತಲೇ ಇರಲಿಲ್ಲ. ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆದು ತಾಳೆ ನೋಡುತ್ತಿದ್ದರು. ಬಹಳ ಮಂದಿ ಆಮೇಲೆ, ಕೆಲಸ ಸಿಗಲೆಂದೋ ನೆರೆಯವರ ನಾಲಿಗೆಗೆ ಸುಲಭವಾಗಲೆಂದೋ, ತಾವೇ ಹೆಸರು ಮೊಟಕು ಮಾಡಿಕೊಂಡರು. ಮೊಮ್ಮಕ್ಕಳಿಗೆ ಅದನ್ನು ಹೇಳುವುದಕ್ಕಿಂತ ಗುಮಾಸ್ತನ ಮೇಲೆ ಹಾಕುವುದು ಸುಲಭವಾಗಿದ್ದಿರಬೇಕು.

## ಮೊದಲ ವರ್ಷಗಳು

ಬಂದ ಹೊಸದರಲ್ಲಿ ತುಂಬಾ ಖುಷಿಯಾಗಿದ್ದೆ. ಈಗ ನಾಲ್ಕು ತಿಂಗಳಾಯ್ತು, ಎಲ್ಲದರ ಮೇಲೂ ಸಿಟ್ಟು ಬರುತ್ತೆ, ಅಳು ಬರುತ್ತೆ. ನನಗೇನಾಗಿದೆ?

ಹೊಸ ಜಾಗಕ್ಕೆ ಬಂದ ಬಹಳ ಜನರಿಗೆ ಆಗುವುದೇ ನಿಮಗೂ ಆಗುತ್ತಿದೆ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ ಇದನ್ನು ಸಂಸ್ಕೃತಿಯ ಆಘಾತವೆಂದು ಕರೆದು 1960ರಲ್ಲಿ ವಿವರವಾಗಿ ಬರೆದರು. ಅವರ ಪ್ರಕಾರ ಇದರ ಮೂಲ ದೊಡ್ಡ ವಿಷಯಗಳಲ್ಲಿಲ್ಲ. ಯಾರಿಗೆ ಯಾವಾಗ ಕೈಕುಲುಕಬೇಕು, ಯಾವ ಮಾತು ತಮಾಷೆ ಯಾವುದು ನಿಜ, ಎದುರಿನವರು ನಕ್ಕರೆ ಏನರ್ಥ, ಹೀಗೆ ನಾವು ಯೋಚಿಸದೆ ಬಳಸುತ್ತಿದ್ದ ನೂರಾರು ಸಣ್ಣ ಗುರುತುಗಳು ಒಮ್ಮೆಲೇ ಕೆಲಸಕ್ಕೆ ಬಾರದಾಗುತ್ತವೆ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೂ ಎಲ್ಲವನ್ನೂ ಲೆಕ್ಕ ಹಾಕಿ ಮಾಡಬೇಕೆಂದರೆ ಮೈಮುರಿಯದೆಯೂ ದಣಿವಾಗುತ್ತದೆ.

ಸಂಭ್ರಮ, ಸಿಟ್ಟು, ಚೇತರಿಕೆ, ಹೊಂದಾಣಿಕೆ ಎಂಬ ನಾಲ್ಕು ಹಂತ ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಅದನ್ನು ಪಂಚಾಂಗದಂತೆ ನಂಬಬೇಡಿ. ಕೆಲವರಿಗೆ ಸಂಭ್ರಮದ ಹಂತವೇ ಬರುವುದಿಲ್ಲ, ಅದರಲ್ಲೂ ಯುದ್ಧದಿಂದ ತಪ್ಪಿಸಿಕೊಂಡು ಬಂದವರಿಗೆ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ, ಬದುಕುವುದೇ ಬೇಡವೆನಿಸಿದರೆ ಅದನ್ನು ಹಂತವೆಂದು ತಳ್ಳಿಹಾಕದೆ ತಕ್ಷಣ ವೈದ್ಯರ ಬಳಿ ಹೋಗಿ.

ಡಾಕ್ಟರು, ಎಂಜಿನಿಯರು ಆಗಿದ್ದವರು ಅಲ್ಲಿ ಹೋಗಿ ಟ್ಯಾಕ್ಸಿ ಓಡಿಸ್ತಾರಲ್ಲ, ಯಾಕೆ? ಅಷ್ಟು ಓದಿದ್ದು ದಂಡಾನಾ?

ಓದು, ಅನುಭವ ನೋಡಿ ವಲಸೆಗೆ ಅಂಕ ಕೊಡುವವರು ಬೇರೆ, ವೃತ್ತಿಗೆ ಪರವಾನಗಿ ಕೊಡುವವರು ಬೇರೆ. ನಿಮ್ಮ ಪದವಿ ನೋಡಿ ಸರ್ಕಾರ ಒಳಗೆ ಬಿಟ್ಟಿರುತ್ತದೆ. ಅದೇ ಪದವಿಯನ್ನು ವೈದ್ಯಕೀಯ ಮಂಡಳಿ ಮತ್ತೆ ಮೊದಲಿನಿಂದ ಪರೀಕ್ಷಿಸುತ್ತದೆ. ಪರೀಕ್ಷೆ, ಶುಲ್ಕ, ಮತ್ತೆ ತರಬೇತಿ. ಈ ನಡುವೆ ಬಾಡಿಗೆ ಕಟ್ಟಬೇಕಲ್ಲ. ಎರಡು ವರ್ಷಕ್ಕೆಂದು ಹಿಡಿದ ಸ್ಟೀರಿಂಗ್ ಹತ್ತು ವರ್ಷವಾದರೂ ಕೈ ಬಿಡುವುದಿಲ್ಲ, ಏಕೆಂದರೆ ಅಷ್ಟರಲ್ಲಿ ವೃತ್ತಿಯಿಂದ ದೂರವಿದ್ದೀರಿ ಎಂಬುದೇ ಹೊಸ ಅಡ್ಡಿಯಾಗಿರುತ್ತದೆ.

ಇದರ ಮೇಲೆ 'ಸ್ಥಳೀಯ ಅನುಭವ' ಎಂಬ ಷರತ್ತು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು? ಕೆನಡಾದ ಒಂಟಾರಿಯೋ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ ಇಂಥ ಷರತ್ತು ಮೇಲ್ನೋಟಕ್ಕೇ ತಾರತಮ್ಯವೆಂದು 2013ರಲ್ಲಿ ಹೇಳಿತು. ಹೆಸರೂ ಅಡ್ಡ ಬರುತ್ತದೆ. ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲಸ್ ಟೊರಾಂಟೊದಲ್ಲಿ ಸಾವಿರಾರು ಕಲ್ಪಿತ ಅರ್ಜಿಗಳನ್ನು ಕಂಪನಿಗಳಿಗೆ ಕಳಿಸಿ ನೋಡಿದರು. ಓದು, ಅನುಭವ ಎಲ್ಲ ಕೆನಡಾದ್ದೇ ಆಗಿದ್ದರೂ ಚೀನೀ, ಭಾರತೀಯ, ಪಾಕಿಸ್ತಾನಿ ಹೆಸರಿದ್ದವುಗಳಿಗಿಂತ ಇಂಗ್ಲಿಷ್ ಹೆಸರಿದ್ದವುಗಳಿಗೆ ಸಂದರ್ಶನದ ಕರೆ ಸಾಕಷ್ಟು ಹೆಚ್ಚು ಬಂತು.

ಹೊರಡುವವರಿಗೆ ನನ್ನ ಸಲಹೆ ಒಂದೇ: ವೀಸಾ ಅರ್ಜಿಗೆ ಮುಂಚೆ ಪರವಾನಗಿ ಮಂಡಳಿಯ ನಿಯಮ ಓದಿ. ಅಂಕಪಟ್ಟಿ, ಪಠ್ಯಕ್ರಮದ ಪ್ರತಿಗಳನ್ನು ಓದಿದ ಕಾಲೇಜಿನಿಂದ ಮೊಹರಿನೊಂದಿಗೆ ಪಡೆದಿಟ್ಟುಕೊಳ್ಳಿ. ಅಲ್ಲಿಂದ ಕುಳಿತು ತರಿಸಿಕೊಳ್ಳುವುದು ಹತ್ತು ಪಟ್ಟು ಕಷ್ಟ.

ಪಾಸ್‌ಪೋರ್ಟ್ ನಮ್ಮ ಹತ್ರಾನೇ ಸೇಫಾಗಿರ್ಲಿ ಅಂತ ಕೆಲಸ ಕೊಟ್ಟವರು ಇಟ್ಕೊಂಡಿದಾರೆ. ಎಲ್ಲರದ್ದೂ ಹಾಗೇ ಅಂತೆ. ಸರೀನಾ?

ಸರಿಯಲ್ಲ. ಪಾಸ್‌ಪೋರ್ಟ್ ಕೊಟ್ಟ ಸರ್ಕಾರದ ಸ್ವತ್ತು ಅದು. ಗುರುತಿನ ದಾಖಲೆಗಳನ್ನು ಕಿತ್ತಿಟ್ಟುಕೊಳ್ಳುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಯ ಲಕ್ಷಣಗಳ ಪಟ್ಟಿಯಲ್ಲೇ ಸೇರಿಸಿದೆ. ಕೊಲ್ಲಿ ದೇಶಗಳ ಕಫಾಲಾ ಪದ್ಧತಿಯಲ್ಲಿ ಕೆಲಸಗಾರನ ವಾಸದ ಪರವಾನಗಿ ಮಾಲೀಕನ ಹೆಸರಿಗೆ ಅಂಟಿಕೊಂಡಿರುತ್ತದೆ. ಮಾಲೀಕ ಕೈಬಿಟ್ಟರೆ ಕೆಲಸದ ಜೊತೆಗೆ ಅಲ್ಲಿರುವ ಹಕ್ಕೂ ಹೋಗುತ್ತದೆ. ಹಾಗಾಗಿ ಸಂಬಳ ಬಾಕಿಯಿದ್ದರೂ ದೂರು ಕೊಡಲು ಜನ ಹೆದರುತ್ತಾರೆ. ಕತಾರ್ 2020ರಲ್ಲಿ, ಹಳೆಯ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಹುದೆಂದು ಕಾನೂನು ತಿದ್ದಿತು. ಕಾನೂನು ಬದಲಾದಷ್ಟು ಬೇಗ ರೂಢಿ ಬದಲಾಗುವುದಿಲ್ಲ.

ಪಾಸ್‌ಪೋರ್ಟ್, ವೀಸಾ, ಒಪ್ಪಂದ ಇವುಗಳ ಫೋಟೊ ತೆಗೆದು ಮನೆಯವರಿಗೆ ಕಳಿಸಿಡಿ. ಸಂಬಳ ಬಂದ ದಿನ, ಮೊತ್ತ ಬರೆದಿಡಿ. ಮೊದಲು ಬಾಯಿಮಾತಿನಲ್ಲಿ ಕೇಳಿ, ಆಮೇಲೆ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ನಿಮ್ಮ ದೇಶದ ರಾಯಭಾರ ಕಚೇರಿಗೂ ಅಲ್ಲಿನ ಕಾರ್ಮಿಕ ಇಲಾಖೆಗೂ ತಿಳಿಸಿ. ಅಂದಹಾಗೆ, ಕೆಲಸ ಕೊಡಿಸಿದ್ದಕ್ಕೆ ಏಜೆಂಟ್ ಕೆಲಸಗಾರನಿಂದ ದುಡ್ಡು ತೆಗೆದುಕೊಳ್ಳಬಾರದು ಎನ್ನುತ್ತದೆ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದ. ಸಾಲ ಮಾಡಿ ಆ ದುಡ್ಡು ಕಟ್ಟಿದವನಿಗೆ ಪಾಸ್‌ಪೋರ್ಟ್ ಕೈಲಿದ್ದರೂ ಹೊರಡುವುದು ಸುಲಭವಲ್ಲ.

## ಮನೆ, ಮಕ್ಕಳು, ನೆರೆಹೊರೆ

ಮಕ್ಕಳು ಒಂದೇ ವರ್ಷದಲ್ಲಿ ಭಾಷೆ ಕಲಿತುಬಿಟ್ರು. ಈಗ ಬ್ಯಾಂಕು, ಆಸ್ಪತ್ರೆ ಎಲ್ಲಾದಕ್ಕೂ ಮಗಳನ್ನೇ ಕರ್ಕೊಂಡು ಹೋಗ್ತೀವಿ. ತಪ್ಪಾ?

ಬಸ್ಸಿನ ದಾರಿ ಕೇಳುವುದಕ್ಕೆ ಅಡ್ಡಿಯಿಲ್ಲ. ಆಸ್ಪತ್ರೆಗೆ, ನ್ಯಾಯಾಲಯಕ್ಕೆ ಬೇಡ. ಅಮ್ಮನ ಗಡ್ಡೆಯ ಬಗ್ಗೆ ವೈದ್ಯರು ಹೇಳಿದ್ದನ್ನು ಅಮ್ಮನಿಗೆ ದಾಟಿಸುವ ಹೊರೆ ಹನ್ನೊಂದು ವರ್ಷದ ಹುಡುಗಿಯದಾಗಬಾರದು. ಗೊತ್ತಿಲ್ಲದ ಪದವನ್ನು ಅವಳು ನುಂಗಿಬಿಡುತ್ತಾಳೆ, ಇಲ್ಲವೇ ನಿಮಗೆ ನೋವಾಗದಿರಲೆಂದು ಮೆದುಮಾಡಿ ಹೇಳುತ್ತಾಳೆ. ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ದುಭಾಷಿ ಉಚಿತವಾಗಿ ಸಿಗುತ್ತಾರೆ, ಕೇಳಬೇಕಷ್ಟೆ.

ಮಕ್ಕಳು ಕಲಿತುಬಿಟ್ಟರು ಎನ್ನುವುದರಲ್ಲೂ ಒಂದು ತಿರುವಿದೆ. ಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ ತೋರಿಸಿದಂತೆ, ಆಟದ ಮೈದಾನದ ಮಾತು ಸುಮಾರು ಎರಡು ವರ್ಷಕ್ಕೆ ಬಂದರೆ, ಪಾಠದ ಭಾಷೆಯಲ್ಲಿ ಓರಗೆಯವರಿಗೆ ಸರಿಸಮ ಆಗಲು ಐದು ವರ್ಷ ಅಥವಾ ಇನ್ನೂ ಹೆಚ್ಚು ಬೇಕು. ಚೆನ್ನಾಗಿ ಮಾತಾಡುವ ಮಗು ವಿಜ್ಞಾನದ ಪರೀಕ್ಷೆಯಲ್ಲಿ ಎಡವಿದರೆ ಅದು ದಡ್ಡತನವಲ್ಲ.

ಮನೇಲೂ ಇಲ್ಲಿನ ಭಾಷೇನೇ ಮಾತಾಡಿ ಅಂತಾರೆ ಟೀಚರ್ರು. ಹಾಗೇ ಮಾಡ್ಬೇಕಾ?

ಬೇಡ. ಎರಡು ಭಾಷೆ ಕೇಳಿ ಬೆಳೆದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂಬುದು ಹಳೆಯ ನಂಬಿಕೆ. ನಿಮಗೆ ಸರಾಗವಾಗಿ ಬರುವ ಭಾಷೆಯಲ್ಲಿ ಮಾತಾಡಿ, ಕತೆ ಹೇಳಿ, ಗದರಿಸಿ. ಮೂರನೇ ತಲೆಮಾರಿಗೆ ಮನೆಮಾತು ಮರೆಯಾಗುವುದು ಬಹಳ ವಲಸಿಗ ಕುಟುಂಬಗಳ ಕತೆ. ಅದಕ್ಕೆ ನೀವಾಗಿ ಕೈಜೋಡಿಸುವ ಅಗತ್ಯವಿಲ್ಲ.

ಬಂದೋರೆಲ್ಲ ಒಂದೇ ಬೀದೀಲಿ ಗುಂಪು ಕಟ್ಕೊಂಡು ಇರ್ತಾರಲ್ಲ, ನಮ್ಮ ಜೊತೆ ಬೆರೆಯೋಕೆ ಇಷ್ಟ ಇಲ್ವಾ ಅವರಿಗೆ?

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬರುತ್ತಾಳೆ. ಆದರೆ ಬಾವಿ ಎಲ್ಲಿದೆ ಎಂದು ತೋರಿಸುವವರು ಬೇಕು. ಮೊದಲ ದಿನ ಮನೆ ಹುಡುಕಿಕೊಡುವವರು, ಯಾವ ಕಚೇರಿಗೆ ಯಾವ ಕಾಗದ ಒಯ್ಯಬೇಕೆಂದು ಹೇಳುವವರು ಸಾಮಾನ್ಯವಾಗಿ ಮುಂಚೆ ಬಂದ ತಮ್ಮವರೇ ಆಗಿರುತ್ತಾರೆ. ಹಾಗಾಗಿ ಜನ ಅಲ್ಲೇ ಇಳಿಯುತ್ತಾರೆ.

ಇನ್ನೊಂದು ಮುಖವೂ ಇದೆ. ಅಮೆರಿಕದಲ್ಲಿ ಹಲವು ಬಡಾವಣೆಗಳ ಮನೆಪತ್ರದಲ್ಲೇ, ಈ ಆಸ್ತಿಯನ್ನು ಇಂಥ ಜನಾಂಗದವರಿಗೆ ಮಾರಕೂಡದು ಎಂದು ಬರೆದಿರುತ್ತಿತ್ತು. ಅಂಥ ಕರಾರನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಬೇರೆಲ್ಲೂ ಮನೆ ಕೊಡದೆ ಒಂದೇ ಬೀದಿಗೆ ನೂಕಿ, ಆಮೇಲೆ ಯಾಕೆ ಅಲ್ಲೇ ಇದ್ದೀರಿ ಎಂದು ಕೇಳಿದರೆ ಅವರಾದರೂ ಏನು ಹೇಳಬೇಕು?

"ನೀವು ಎಲ್ಲಿಯವರು?" ಅಂತ ಕೇಳೋದ್ರಲ್ಲಿ ತಪ್ಪೇನು? ಪರಿಚಯಕ್ಕೆ ಕೇಳ್ತೀವಪ್ಪ.

ಒಮ್ಮೆ ಕೇಳಿದರೆ ಪರಿಚಯ. ಉತ್ತರ ಕೊಟ್ಟ ಮೇಲೂ "ಅದಲ್ಲ, ನಿಜವಾಗಿ ಎಲ್ಲಿಯವರು?" ಎಂದರೆ, ಮೊದಲ ಉತ್ತರವನ್ನು ನಂಬಲಿಲ್ಲ ಎಂದಂತೆ. ಅದೇ ಊರಲ್ಲಿ ಹುಟ್ಟಿದವರಿಗೆ ಇದು ಚುಚ್ಚುತ್ತದೆ.

## ಇತಿಹಾಸ, ಕಾನೂನು, ಲೆಕ್ಕಾಚಾರ

ಹಿಂದೆ ಹೋದವರು ಸಾಲಲ್ಲಿ ನಿಂತು ಕಾನೂನು ಪ್ರಕಾರ ಹೋದ್ರು. ಈಗಿನವರಿಗೆ ಮಾತ್ರ ಏನು ತೊಂದರೆ?

ಈ ಪ್ರಶ್ನೆ ಬಾರದ ತಿಂಗಳಿಲ್ಲ. ಯಾವ ಸಾಲು, ಯಾರ ಸಾಲು ಎಂದು ಮೊದಲು ಕೇಳಬೇಕು.

ಹತ್ತೊಂಬತ್ತನೇ ಶತಮಾನದ ಬಹುಪಾಲು ಯುರೋಪಿನವರು ಅಮೆರಿಕಕ್ಕೆ ಹೋಗಲು ವೀಸಾ ಬೇಕಿರಲಿಲ್ಲ. ಟಿಕೆಟ್ಟಿಗೆ ದುಡ್ಡಿದ್ದು, ಗಟ್ಟಿ ಆರೋಗ್ಯವಿದ್ದರೆ ಆಯಿತು. ಮುರಿಯಲು ಕಾನೂನೇ ಇರದಿದ್ದಾಗ ಕಾನೂನು ಪಾಲಿಸುವುದು ಕಷ್ಟವೇನಲ್ಲ. ಅದೇ ಅಮೆರಿಕ 1882ರಲ್ಲಿ ಚೀನೀ ಕೂಲಿಕಾರರ ಪ್ರವೇಶವನ್ನು ನಿಷೇಧಿಸಿತು. ಆ ನಿಷೇಧ ತೆರವಾದದ್ದು 1943ರಲ್ಲಿ. 1924ರ ಕಾಯ್ದೆ ದೇಶವಾರು ಕೋಟಾ ಕಟ್ಟಿ ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೆ ಬಾಗಿಲನ್ನು ಕಿರಿದಾಗಿಸಿ, ಏಷ್ಯಾದವರಿಗೆ ಬಹುತೇಕ ಮುಚ್ಚಿತು. 1965ರಲ್ಲಿ ಆ ಪದ್ಧತಿ ಹೋಯಿತು.

ಆಸ್ಟ್ರೇಲಿಯಾ 1901ರಲ್ಲಿ ಇನ್ನೂ ಜಾಣತನದ ದಾರಿ ಹಿಡಿಯಿತು. ಕಾನೂನಿನಲ್ಲಿ ಬಣ್ಣದ ಮಾತೇ ಇಲ್ಲ, ಇದ್ದದ್ದು ಐವತ್ತು ಪದಗಳ ಉಕ್ತಲೇಖನ. ಯಾವ ಭಾಷೆಯಲ್ಲಿ ಎಂಬುದು ಅಧಿಕಾರಿಯ ಇಷ್ಟ. ಬೇಡದವರಿಗೆ ಬಾರದ ಭಾಷೆ ಕೊಟ್ಟರೆ ಮುಗಿಯಿತು. 1934ರಲ್ಲಿ ಬಂದ ಎಗಾನ್ ಕಿಶ್ ಎಂಬ ಪತ್ರಕರ್ತ ಹಿಟ್ಲರನ ವಿರೋಧಿ, ಹಲವು ಭಾಷೆ ಬಲ್ಲವನು. ಅವನಿಗೆ ಕೊಟ್ಟದ್ದು ಸ್ಕಾಟ್ಲೆಂಡಿನ ಗೇಲಿಕ್! ಅಲ್ಲಿನ ಹೈಕೋರ್ಟೇ ಅವನಿಗೆ ಕೊಟ್ಟ ಪರೀಕ್ಷೆ ಸಿಂಧುವಲ್ಲ ಎಂದಿತು. ಉಕ್ತಲೇಖನ ರದ್ದಾದದ್ದು 1958ರಲ್ಲಿ.

ಕೆನಡಾ 1908ರಲ್ಲಿ, ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮ ಮಾಡಿತು. ಭಾರತದಿಂದ ಅಂಥ ನೇರ ಪ್ರಯಾಣ ಆಗ ಸಾಧ್ಯವಿರಲಿಲ್ಲ ಎಂಬುದೇ ಅದರ ಗುಟ್ಟು. 1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಹಡಗು 376 ಪ್ರಯಾಣಿಕರೊಂದಿಗೆ ವ್ಯಾಂಕೋವರ್ ತಲುಪಿತು. ಹೆಚ್ಚಿನವರು ಪಂಜಾಬಿನ ಸಿಖ್ಖರು, ಎಲ್ಲರೂ ಬ್ರಿಟಿಷ್ ಪ್ರಜೆಗಳು. ಎರಡು ತಿಂಗಳು ದಡದೆದುರೇ ನಿಲ್ಲಿಸಿ, ಬೆರಳೆಣಿಕೆಯ ಜನರನ್ನು ಬಿಟ್ಟು ಉಳಿದವರನ್ನು ಹಿಂದಕ್ಕಟ್ಟಿದರು. ಹಡಗು ಕಲ್ಕತ್ತಾ ಬಳಿಯ ಬಜ್ ಬಜ್ ಸೇರಿದಾಗ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ಆ 376 ಜನ ನಿಯಮ ಮುರಿಯಲು ಬಂದವರಲ್ಲ. ನಿಯಮವೇ ಅವರನ್ನು ನೋಡಿ ಹೊಲಿದದ್ದು.

ಕಾಗದ ಪತ್ರ ಇಲ್ದೆ ಗಡಿ ದಾಟಿ ಬಂದ್ರೆ ಅದೇ ಅಪರಾಧ ಅಲ್ವಾ? ವಾಪಸ್ ಕಳಿಸೋದು ತಪ್ಪು ಹೇಗಾಗುತ್ತೆ?

ಬಹಳ ದೇಶಗಳ ಕಾನೂನಿನಲ್ಲಿ ಅದು ತಪ್ಪೇ. ಆದರೆ 1951ರ ಒಪ್ಪಂದದ 31ನೇ ವಿಧಿ ಒಂದು ವಿನಾಯಿತಿ ಕೊಡುತ್ತದೆ. ಜೀವಭಯವಿದ್ದ ಜಾಗದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ ಸೂಕ್ತ ಕಾರಣ ತೋರಿಸಿದ ನಿರಾಶ್ರಿತರನ್ನು ಅಕ್ರಮ ಪ್ರವೇಶಕ್ಕಾಗಿ ಶಿಕ್ಷಿಸುವಂತಿಲ್ಲ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವಿರುವಲ್ಲಿಗೆ ಅವರನ್ನು ಹಿಂದಕ್ಕೆ ಕಳಿಸಬಾರದು ಎನ್ನುತ್ತದೆ 33ನೇ ವಿಧಿ. ಯಾವ ಸರ್ಕಾರ ಓಡಿಸುತ್ತಿದೆಯೋ ಅದರ ಹತ್ತಿರವೇ ಪಾಸ್‌ಪೋರ್ಟ್ ಕೇಳಲು ಎಲ್ಲರಿಗೂ ಆಗುವುದಿಲ್ಲವಲ್ಲ.

ಈ ವಿಧಿಗಳ ಹಿಂದೆ ಸೇಂಟ್ ಲೂಯಿಸ್‌ನಂಥ ಹಡಗುಗಳ ನೆನಪಿದೆ. 1939ರ ಮೇ ತಿಂಗಳಲ್ಲಿ ಜರ್ಮನಿಯಿಂದ ಹೊರಟ ಅದರಲ್ಲಿ 937 ಪ್ರಯಾಣಿಕರು, ಹೆಚ್ಚುಕಡಿಮೆ ಎಲ್ಲರೂ ಯಹೂದಿಗಳು. ಕ್ಯೂಬಾ 28 ಜನರನ್ನಷ್ಟೇ ಇಳಿಸಿಕೊಂಡಿತು. ಅಮೆರಿಕ ಬಾಗಿಲು ತೆರೆಯಲಿಲ್ಲ. ಯುರೋಪಿಗೆ ಮರಳಿದವರಲ್ಲಿ 254 ಜನ ನಾಜಿ ನರಮೇಧದಲ್ಲಿ ಸತ್ತರು.

ಕೆಲಸಕ್ಕೆ ಜನ ಬೇಕು ಅಂತ ಕರೆಸಿಕೊಂಡ ದೇಶಗಳೇ ಆಮೇಲೆ "ಹೊರಡಿ" ಅನ್ನೋದು ಯಾಕೆ?

ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ಇಲ್ಲಿ ಸ್ವಲ್ಪ ತಿರುಗುತ್ತದೆ: ದುಡಿಮೆಯ ಮೇಲೆ ಆಸೆ, ದುಡಿಯುವವರ ಮೇಲೆ ಪ್ರೀತಿಯಿಲ್ಲ. ಪಶ್ಚಿಮ ಜರ್ಮನಿ 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಜನರನ್ನು ಕರೆಸಿತು. ಅವರನ್ನು ಕರೆದದ್ದೇ 'ಅತಿಥಿ ಕಾರ್ಮಿಕರು' ಎಂದು. ಅತಿಥಿ ಎಂದರೆ ಹೋಗಲೇಬೇಕಾದವನು. 1973ರಲ್ಲಿ ನೇಮಕ ನಿಂತಿತು. ಒಮ್ಮೆ ಹೋದರೆ ಮತ್ತೆ ಬರಲಾಗದು ಎಂದು ಅರಿತವರು ಹೋಗುವ ಬದಲು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಹೊರಗಟ್ಟಲು ಹಾಕಿದ ಬೀಗ ಅವರನ್ನು ಒಳಗೇ ಉಳಿಸಿತು. ಅಲ್ಲೇ ಹುಟ್ಟಿದ ಅವರ ಮಕ್ಕಳಿಗೆ ಹುಟ್ಟಿನಿಂದಲೇ, ಷರತ್ತಿನ ಮೇಲೆ, ಪೌರತ್ವ ಸಿಗುವಂತಾದದ್ದು 2000ದ ಕಾನೂನಿನಿಂದ.

ಅಮೆರಿಕದ್ದು ಇನ್ನೂ ವಿಚಿತ್ರ. 1942ರಿಂದ 1964ರವರೆಗೆ ಮೆಕ್ಸಿಕೋದಿಂದ ಕೃಷಿ ಕೂಲಿಗೆ ಒಪ್ಪಂದದ ಮೇಲೆ ಜನರನ್ನು ತರಿಸಿಕೊಂಡ ಸರ್ಕಾರವೇ, ಆ ನಡುವೆ 1954ರಲ್ಲಿ ಮೆಕ್ಸಿಕನ್ನರನ್ನು ಸಾಮೂಹಿಕವಾಗಿ ಹಿಡಿದು ಗಡಿ ದಾಟಿಸಿತು.

ವಲಸಿಗರು ಬಂದ್ರೆ ಇರೋರ ಕೆಲಸ ಹೋಗುತ್ತೆ, ಸಂಬಳ ಇಳಿಯುತ್ತೆ. ಇದು ಸರಳ ಲೆಕ್ಕ ಅಲ್ವಾ?

ಕೆಲಸಗಳ ಸಂಖ್ಯೆ ಸ್ಥಿರವಾಗಿದ್ದರೆ ಸರಳ. ಬಂದವರು ದುಡಿಯುವುದರ ಜೊತೆ ಬಾಡಿಗೆ ಕಟ್ಟುತ್ತಾರೆ, ಬಟ್ಟೆ ಕೊಳ್ಳುತ್ತಾರೆ, ಅಂಗಡಿ ತೆರೆಯುತ್ತಾರೆ. 1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಜನ ಕೆಲವೇ ತಿಂಗಳಲ್ಲಿ ಫ್ಲಾರಿಡಾಕ್ಕೆ ಬಂದರು. ಮಯಾಮಿಯ ದುಡಿಯುವವರ ಸಂಖ್ಯೆ ಶೇ. 7ರಷ್ಟು ಏರಿತು. 1990ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಇದನ್ನು ಅಧ್ಯಯನ ಮಾಡಿ, ಇದ್ದವರ ಕೂಲಿಯ ಮೇಲೂ ನಿರುದ್ಯೋಗದ ಮೇಲೂ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ ಎಂದರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅದೇ ಅಂಕಿಅಂಶ ಮತ್ತೆ ಕೆದಕಿ, ಹೈಸ್ಕೂಲು ಮುಗಿಸದ ಗಂಡಸರ ಕೂಲಿ ಗಣನೀಯವಾಗಿ ಇಳಿದಿತ್ತು ಎಂದು ವಾದಿಸಿದರು. ಬೋರ್ಹಾಸ್ ತಾವೇ ಕ್ಯೂಬಾದಿಂದ ಹುಡುಗನಾಗಿ ವಲಸೆ ಬಂದವರು. ಜಗಳ ಇನ್ನೂ ಮುಗಿದಿಲ್ಲ. ನನಗನಿಸುವುದು, ಒಟ್ಟು ಲೆಕ್ಕದಲ್ಲಿ ಹೊಡೆತ ಸಣ್ಣದು. ಬಿದ್ದರೆ ಕಡಿಮೆ ಓದಿದವರ ಮೇಲೆ, ಮುಂಚೆ ಬಂದ ವಲಸಿಗರ ಮೇಲೆ ಬೀಳುತ್ತದೆ.

ಪೌರತ್ವ ಸಿಕ್ಕಿಬಿಟ್ರೆ ಚಿಂತೆ ಮುಗೀತು ಅಲ್ವಾ?

ಬಹಳ ಮಟ್ಟಿಗೆ ಹೌದು. ಮತ ಹಾಕಬಹುದು, ಸುಲಭವಾಗಿ ಹೊರಗಟ್ಟಲಾಗದು. ಪೂರ್ತಿ ಹೌದು ಎನ್ನಲು ಇತಿಹಾಸ ಬಿಡುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ 'ಬಿಳಿಯ'ನಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದಾದ ಮೇಲೆ ಇತರ ಭಾರತೀಯರಿಗೆ ಕೊಟ್ಟಿದ್ದ ಪೌರತ್ವವನ್ನೂ ಕಿತ್ತುಕೊಂಡರು. 1942ರಲ್ಲಿ ಶಿಬಿರಗಳಿಗೆ ತಳ್ಳಲ್ಪಟ್ಟ ಸುಮಾರು 1,20,000 ಜಪಾನಿ ಮೂಲದವರಲ್ಲಿ ಮೂರನೇ ಎರಡು ಭಾಗ ಅಮೆರಿಕದ ಪೌರರೇ.

ಬ್ರಿಟನ್ನಿನದು ಇತ್ತೀಚಿನ ಉದಾಹರಣೆ. 1948ರಲ್ಲಿ ಎಂಪೈರ್ ವಿಂಡ್‌ರಷ್ ಹಡಗು ಬಂದ ಮೇಲಿನ ದಶಕಗಳಲ್ಲಿ ಕೆರಿಬಿಯನ್ ವಸಾಹತುಗಳಿಂದ ಬಂದವರಿಗೆ ಅಲ್ಲಿರುವ ಹಕ್ಕಿತ್ತು. ಆದರೆ ಬಹಳ ಜನರ ಬಳಿ ಅದನ್ನು ಸಾಬೀತುಪಡಿಸುವ ಕಾಗದ ಇರಲಿಲ್ಲ, ಯಾರೂ ಕೊಟ್ಟಿರಲೂ ಇಲ್ಲ. 2012ರ ನಂತರ ಬಾಡಿಗೆ, ಕೆಲಸ, ಚಿಕಿತ್ಸೆ ಎಲ್ಲಕ್ಕೂ ದಾಖಲೆ ಕೇಳುವ ನೀತಿ ಬಂದಾಗ, ಐವತ್ತು ವರ್ಷ ತೆರಿಗೆ ಕಟ್ಟಿದವರು ಅಕ್ರಮ ವಾಸಿಗಳಾದರು. ಕೆಲವರನ್ನು ಗಡೀಪಾರು ಮಾಡಿದರು. ಅವರು ಬಂದಿಳಿದದ್ದಕ್ಕೆ ಪುರಾವೆಯಾಗಬಹುದಿದ್ದ ಹಳೆಯ ಚೀಟಿಗಳನ್ನು ಗೃಹ ಇಲಾಖೆ ತಾನೇ 2010ರಲ್ಲಿ ನಾಶಮಾಡಿತ್ತು. 2018ರಲ್ಲಿ ಸರ್ಕಾರ ಕ್ಷಮೆ ಕೇಳಿತು. ನಿಮ್ಮ ಹಳೆಯ ಪಾಸ್‌ಪೋರ್ಟು, ಶಾಲೆಯ ಪತ್ರ, ಸಂಬಳದ ಚೀಟಿ ಒಂದನ್ನೂ ಎಸೆಯಬೇಡಿ.

ವಾಪಸ್ ಹೋಗೋಣ ಅನ್ನಿಸ್ತಿದೆ. ಆದ್ರೆ ಸೋತು ಬಂದ ಅಂತಾರಲ್ಲ?

ಅಂದವರು ಅನ್ನಲಿ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮೊದಲ ಮಹಾಯುದ್ಧದವರೆಗೆ ಅಮೆರಿಕಕ್ಕೆ ಹೋದ ಯುರೋಪಿನವರಲ್ಲಿ ಸರಿಸುಮಾರು ಮೂವರಿಗೊಬ್ಬರು ಮರಳಿದರು. ಇಟಲಿಯವರಲ್ಲಿ ಇದು ಇನ್ನೂ ಹೆಚ್ಚು. ದುಡ್ಡು ಕೂಡಿಸಿ ಹೊಲ ಕೊಳ್ಳಬೇಕೆಂದೇ ಹೋದವರು ಅವರಲ್ಲಿ ಬಹಳ. ಉಳಿದವರ ಕತೆಯನ್ನಷ್ಟೇ ನಾವು ಹೆಚ್ಚು ಕೇಳಿದ್ದೇವೆ.

ಟಿಕೆಟ್ ಕೊಳ್ಳುವ ಮುಂಚೆ ಮೂರು ವಿಷಯ ವಿಚಾರಿಸಿ. ಕಾಯಂ ವಾಸದ ಪರವಾನಗಿಯಿದ್ದರೆ, ಎಷ್ಟು ಕಾಲ ಹೊರಗಿದ್ದರೆ ಅದು ರದ್ದಾಗುತ್ತದೆ? ಅಲ್ಲಿ ಕಟ್ಟಿದ ಪಿಂಚಣಿ ಹಣ ಇಲ್ಲಿ ಕೈಸೇರುವಂತೆ ಎರಡೂ ದೇಶಗಳ ನಡುವೆ ಒಪ್ಪಂದವಿದೆಯೇ? ಮಕ್ಕಳ ಶಾಲೆ ವರ್ಷದ ನಡುವೆ ಸೇರಿಸಿಕೊಳ್ಳುತ್ತದೆಯೇ? ಹೋದಾಗ ಆದ ಆಘಾತ ಮರಳಿದಾಗಲೂ ಆಗುತ್ತದೆ. ನೀವಿಲ್ಲದ ವರ್ಷಗಳಲ್ಲಿ ಊರೂ ಬೇರೆ ಕಡೆ ಹೋಗಿರುತ್ತದೆ; ಮೊದಲ ಆರು ತಿಂಗಳು ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ.